ಮಾವನ ಹುಡುಗರ ಎಲೆ

ಅಕ್ಷತಾ, ನೀನು ಕಲಿಸಿಕೊಡಿ ಎಂದು ಕೇಳಿದ ಹೆಸರುಗಳು ನನಗೆ ಗೊತ್ತಿಲ್ಲ.

ಮರೆತೆ ಎಂದು ಹೇಳುವ ಹಾಗೂ ಇಲ್ಲ — ಮರೆಯಬೇಕಾದರೆ ಒಮ್ಮೆಯಾದರೂ ಗೊತ್ತಿರಬೇಕು. ಪ್ರತಿ ವರ್ಷ ಪರ್ಬದ ಸಂಜೆ, ದೀಪಾವಳಿಯ ಅಮಾವಾಸ್ಯೆಯಂದು, ಚಾವಡಿಯಲ್ಲಿ ಸಾಲಾಗಿ ಹಾಕಿದ ಎಲೆಗಳ ಮುಂದೆ ನಿಂತು ನಮ್ಮ ಮನೆಯಲ್ಲಿ ತೀರಿಕೊಂಡವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಊಟಕ್ಕೆ ಕರೆಯುತ್ತೇನೆ. ಅದು ಸರಿಯಾಗಿಯೇ ಇರುತ್ತದೆ. ಕೊನೆಯ ಎಲೆಗೆ ಬಂದಾಗ ಮಾತ್ರ ನನ್ನ ಸ್ವರ ತಗ್ಗುತ್ತದೆ, ಕಣ್ಣು ಮುಚ್ಚುತ್ತದೆ, ತುಟಿ ಅಲುಗುತ್ತದೆ. ನೀವೆಲ್ಲ ಹಿಂದೆ ಕೈಮುಗಿದು ನಿಂತಿರುತ್ತೀರಿ. ಮಿಲಿಟ್ರಿ ಅಜ್ಜನ ಹುಡುಗರನ್ನು ನಾನು ಕರೆಯುತ್ತಿದ್ದೇನೆ ಎಂದು ನೀನು ನಂಬಿರುತ್ತೀ. ಇಲ್ಲ ಮಗಳೇ. ಒಂದೇ ಒಂದು ಹೆಸರು ಬಿಟ್ಟರೆ ಅಲ್ಲಿ ಬೇರೆ ಹೆಸರಿಲ್ಲ. ನಾನು ಗುಣಗುಣಿಸುತ್ತೇನೆ, ಅಷ್ಟೆ.

ಕಳೆದ ಭಾನುವಾರ ಮೂಡುಬಿದಿರೆಯಿಂದ ಬಂದವಳು ಊಟ ಮುಗಿಸಿ ಕೈತೊಳೆಯುತ್ತಾ ಕೇಳಿದೆ — "ಮಾವ, ನಿಮ್ಮ ನಂತರ ಅವರನ್ನು ಕರೆಯುವುದು ಯಾರು? ಹೆಂಗಸರು ಕರೆಯಬಾರದು ಅಂತ ಏನಾದ್ರೂ ಉಂಟಾ? ಇಲ್ಲದಿದ್ರೆ ನನಗೆ ಕಲಿಸಿ."

ನಾನು "ನೋಡುವ" ಎಂದೆ. ನಮ್ಮ ಹೊಟೇಲಿಗೆ ಮೀನು ಬಂದಿದೆಯೋ ಎಂದು ನೋಡುವ ನೆಪದಲ್ಲಿ ಎದ್ದುಹೋದೆ. ಮೀನು ಬೆಳಿಗ್ಗೆಯೇ ಬಂದು ಅರ್ಧ ಸಾರಾಗಿ ಖಾಲಿಯೂ ಆಗಿತ್ತು. ಎದುರು ಕುಳಿತು ಹೇಳುವ ಎದೆ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಮತ್ತೆ ಬರೆಯುತ್ತೇನೆ, ಬೇಸರಿಸಬೇಡ — ಎಲ್ಲಿಯವರೆಗೆ ಮಿಲಿಟ್ರಿ ಅಜ್ಜನ ನಿಜ, ಎಲ್ಲಿಂದ ನನ್ನ ಸುಳ್ಳು ಎಂಬುದು ನಿನಗೆ ಸ್ಪಷ್ಟವಾಗಬೇಕು.

ನಿನ್ನ ಮಿಲಿಟ್ರಿ ಅಜ್ಜ, ಅಂದರೆ ನನ್ನ ಸೋದರಮಾವ ಸಂಕಪ್ಪ, ಯುದ್ಧ ಮಾಡಿದವರಲ್ಲ. ಇದನ್ನು ಅವರೇ ಎಲ್ಲರಿಗಿಂತ ಮೊದಲು ಹೇಳುತ್ತಿದ್ದರು. ಪುಂಜಾಲಕಟ್ಟೆಯಲ್ಲಿ ಯಾರಾದರೂ, "ಎಷ್ಟು ಚೀನಾದವರನ್ನು ಹೊಡೆದಿರಿ ಸಂಕಪ್ಪಣ್ಣ?" ಎಂದು ಕೆಣಕಿದರೆ, "ಒಂದು ಸೊಳ್ಳೆಯನ್ನೂ ಹೊಡೆದಿಲ್ಲ ಮಾರಾಯ. ಮಕ್ಕಳಿಗೆ ಬೂಟು ಹಾಕ್ಲಿಕ್ಕೆ ಕಲಿಸಿದ್ದೇನೆ" ಎನ್ನುತ್ತಿದ್ದರು. ಉತ್ತರದ ಯಾವುದೋ ಬಯಲಿನಲ್ಲಿದ್ದ ತರಬೇತಿ ಶಿಬಿರದಲ್ಲಿ ಅವರು ಹವಿಲ್ದಾರ್. ಹೊಸದಾಗಿ ಸೇರಿದ ಹುಡುಗರಿಗೆ ಕವಾಯತು ಕಲಿಸುವ ಗುರು. ಅಂಥವರನ್ನು ಅಲ್ಲಿ ಉಸ್ತಾದ್ ಎಂದು ಕರೆಯುತ್ತಾರಂತೆ. ನಮ್ಮ ಹೊಟೇಲಿನ ಪಕ್ಕದ ಬಟ್ಟೆ ಅಂಗಡಿಯ ಇದ್ದಿನಬ್ಬ ಬ್ಯಾರಿಗಳಿಗೆ ಇದೊಂದು ತಮಾಷೆ. "ನಮ್ಮ ಮದ್ರಸದ ಉಸ್ತಾದರ ಕೈಯಲ್ಲೂ ಬೆತ್ತ, ನಿಮ್ಮ ಕೈಯಲ್ಲೂ ಬೆತ್ತ. ಪೆಟ್ಟು ಯಾರದ್ದು ಜೋರು ಸಂಕಪ್ಪಣ್ಣ?" ಎಂದು ಕೇಳಿ ತಾವೇ ನಗುತ್ತಿದ್ದರು.

ಮಾವ ಪೆಟ್ಟು ಕೊಡುವ ಜಾತಿಯವರಲ್ಲ. ಅವರ ಸ್ವರವೇ ಸಾಕಿತ್ತು. ನಮ್ಮ ಹೊಟೇಲಿನ ಬಾಗಿಲಲ್ಲಿ ನಿಂತು ಅವರೊಮ್ಮೆ "ಹೋಯ್" ಎಂದರೆ ಬೆಳ್ತಂಗಡಿಗೆ ಹೊರಟ ಬಸ್ಸು ನಿಲ್ಲುತ್ತಿತ್ತು. ನೀನು ಚಿಕ್ಕವಳಿರುವಾಗ ನಮ್ಮ ಅಂಗಳದಲ್ಲಿ ನಿನ್ನನ್ನೂ ಓರಗೆಯ ಮಕ್ಕಳನ್ನೂ ನಿಲ್ಲಿಸಿ ಸಾವಧಾನ್, ವಿಶ್ರಾಮ್ ಮಾಡಿಸುತ್ತಿದ್ದರು. ನೀನು ಇವತ್ತು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ಸೀಟಿ ಊದುತ್ತಿರುವುದಕ್ಕೆ ಆ ಅಂಗಳವೇ ಕಾರಣ ಎಂದು ನಿನ್ನ ಅಮ್ಮ ಹೇಳುವುದು ಸುಳ್ಳಲ್ಲ.

ಅವರು ಹೇಳುತ್ತಿದ್ದ ಶಿಬಿರದ ಕತೆಗಳನ್ನು ನಾನು ನಿನಗಿಂತ ಹೆಚ್ಚು ಕೇಳಿದವನು. ಚೀನಾ ಯುದ್ಧಕ್ಕೆ ಕೆಲವು ತಿಂಗಳು ಮೊದಲು ಅವರ ಕೈಗೆ ಒಂದು ತಂಡ ಬಂತು. ಹೆಚ್ಚಿನವರು ನಮ್ಮ ಕಡೆಯವರೇ — ನಮ್ಮ ಕಡೆ ಎಂದರೆ ತಮಿಳರು, ಮಲಯಾಳಿಗಳು, ತೆಲುಗಿನವರು. ಅಲ್ಲಿಂದ ನೋಡಿದರೆ ಇವರೆಲ್ಲ ನಮ್ಮವರೇ. ಕೋವಿಗಳು ಸಾಕಾಗುತ್ತಿರಲಿಲ್ಲ. ಬಡಗಿಗಳು ಕೆತ್ತಿಕೊಟ್ಟ ಮರದ ಕೋವಿ ಹಿಡಿದು ಹುಡುಗರು ಕವಾಯತು ಮಾಡುತ್ತಿದ್ದರು. ಮಾವ ಆ ಮರದ ಕೋವಿಯನ್ನೂ ದಿನಾ ಒರೆಸಿ ಎಣ್ಣೆ ಹಚ್ಚಿಡುವಂತೆ ಮಾಡುತ್ತಿದ್ದರು. ಬೇರೆ ಉಸ್ತಾದರು ನಕ್ಕರಂತೆ. "ನಗಲಿ. ನಾಳೆ ಇವರ ಕೈಗೆ ನಿಜವಾದದ್ದು ಬರುವಾಗ ಕೈಗೆ ಅಭ್ಯಾಸ ಬೇಡವಾ?" ಎನ್ನುತ್ತಿದ್ದರು ಮಾವ.

ಆ ತಂಡದಲ್ಲಿ ವೇಲಾಯುಧನ್ ಎಂಬ ಒಬ್ಬನಿದ್ದ. ಪಾಲಕ್ಕಾಡಿನ ಕಡೆಯವನು. ಹುಟ್ಟಿದ ಮೇಲೆ ಕಾಲಿಗೆ ಏನೂ ಹಾಕಿದವನಲ್ಲ. ಬೂಟು ಕೊಟ್ಟ ದಿನ ಅದನ್ನು ಹಾಕಿಕೊಳ್ಳುವ ಬದಲು ಎರಡೂ ಲೇಸು ಗಂಟುಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಊಟಕ್ಕೆ ಬಂದನಂತೆ — ಯಾರಾದರೂ ಕದ್ದಾರು ಎಂದು. ಒಂದು ವಾರದಲ್ಲಿ ಅವನ ಪಾದವೆಲ್ಲ ಬೊಬ್ಬೆ. ಹೇಳಿದರೆ ಊರಿಗೆ ಕಳಿಸುತ್ತಾರೆಂದು ಹೆದರಿ ಬಾಯಿಬಿಟ್ಟಿರಲಿಲ್ಲ. ಮಾವ ಅವನ ನಡಿಗೆ ನೋಡಿಯೇ ತಿಳಿದು, ಡೇರೆಯ ಎದುರು ಕುಳ್ಳಿರಿಸಿ, ಬಿಸಿನೀರಿಗೆ ಉಪ್ಪು ಹಾಕಿ, ತಾವೇ ಅವನ ಕಾಲು ತೊಳೆದರು. ಹವಿಲ್ದಾರ್ ಹೊಸ ಹುಡುಗನ ಕಾಲು ತೊಳೆಯುವುದನ್ನು ನೋಡಲು ಇಡೀ ತಂಡ ಸೇರಿತು. ಮರುದಿನದಿಂದ ಯಾರೂ ಬೊಬ್ಬೆ ಮುಚ್ಚಿಡಲಿಲ್ಲವಂತೆ. ಈ ಕತೆ ಹೇಳುವಾಗ ಮಾವ ತಮ್ಮ ದೊಡ್ಡತನ ಕೊಚ್ಚುತ್ತಿರಲಿಲ್ಲ. ಆ ಹುಡುಗ ನಾಚಿಕೆಯಿಂದ ಕಾಲು ಎಳೆದುಕೊಳ್ಳುತ್ತಿದ್ದುದನ್ನು ನಟಿಸಿ ತೋರಿಸಿ ನಗಿಸುತ್ತಿದ್ದರು. ನಾನು ಬದುಕಿನಲ್ಲಿ ಮೆಚ್ಚಿದ ಗಂಡಸು ಒಬ್ಬನೇ, ಅವರು — ಇದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಅವರಿದ್ದಾಗ ಹೇಳಲಿಲ್ಲ.

ಯುದ್ಧ ಶುರುವಾದಾಗ ತಂಡದ ತರಬೇತಿ ಇನ್ನೂ ಮುಗಿದಿರಲಿಲ್ಲ. ಮೊಟಕು ಮಾಡಿ ಕಳಿಸಿ ಎಂದು ಆಜ್ಞೆ ಬಂತು. ಬ್ಯಾಂಡಿಲ್ಲ, ಮೆರವಣಿಗೆಯಿಲ್ಲ. ಲಾರಿಗಳಲ್ಲಿ ಹತ್ತಿಸಿದರು. ಮಾವ ಒಂದೊಂದು ಲಾರಿಯ ಬಳಿ ಹೋಗಿ, ಹಾಜರಿ ಪಟ್ಟಿ ನೋಡದೆ, ಮುಖ ನೋಡಿ ಹೆಸರು ಕರೆದರು. ಪ್ರತಿಯೊಬ್ಬನೂ "ಹಾಜಿರ್ ಉಸ್ತಾದ್" ಎಂದ. ಕಲಿಸುವವರು ಶಿಬಿರದಲ್ಲೇ ಉಳಿಯಬೇಕು ಎಂದು ಮಾವನನ್ನು ಕಳಿಸಲಿಲ್ಲ. ಅವೇ ಡೇರೆಗಳಿಗೆ ಮರುದಿನವೇ ಬೇರೆ ಹುಡುಗರು ಬಂದರು. ಹಿಮದ ಮೇಲೆ ಹೋದವರಲ್ಲಿ ಯಾರು ಯಾರು ಉಳಿಯಲಿಲ್ಲ ಎಂಬುದು ಮಾವನಿಗೆ ತಿಳಿದದ್ದು ಆಮೇಲೆ — ಒಂದು ವರ್ಷವಿಡೀ, ಹೋಗುವ ಬರುವ ಸೈನಿಕರ ಬಾಯಿಂದ, ಒಂದೊಂದೇ ಹೆಸರಾಗಿ.

ಸೈನ್ಯ ಬಿಟ್ಟು ಚಾರ್ಮಾಡಿ ಘಾಟಿ ಇಳಿದು ಊರಿಗೆ ಬಂದ ವರ್ಷವೇ, ಪರ್ಬದ ದಿನ, ಅವರು ಹಿರಿಯರ ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಕಿದರು. ನಾನಾಗ ಹೈಸ್ಕೂಲು. ನಮ್ಮ ಅಜ್ಜಿ, ಅಂದರೆ ಮಾವನ ತಾಯಿ, ಹೌಹಾರಿದರು. ಮನೆಯವರಲ್ಲದ ಸತ್ತವರನ್ನು ಮನೆಯೊಳಗೆ ಕರೆಯುವುದೆಂದರೇನು? ಬಂದವರು ಹೋಗದಿದ್ದರೆ?

"ಹೊರಗಿನವರಲ್ಲ ಅಮ್ಮ" ಎಂದರು ಮಾವ. "ನನ್ನ ಕೈಯಡಿಯಲ್ಲಿ ಇದ್ದ ಮಕ್ಕಳು. ಅವರ ಮನೆಯಲ್ಲಿ ಬಡಿಸುವ ಕ್ರಮ ಉಂಟೋ ಇಲ್ಲವೋ ನನಗೆಂತ ಗೊತ್ತು? ಕೆಲವರ ಹೆಣವೂ ಸಿಗಲಿಲ್ಲ."

ಅಜ್ಜಿ ಒಲೆಯ ಕಡೆ ತಿರುಗಿದರು. ಆಮೇಲೆ ಕೇಳಿದರು, "ಅವರಿಗೆ ಎಂತ ಇಷ್ಟ?"

ಆವತ್ತು ನಮ್ಮ ಮನೆಯಲ್ಲಿ ಮೊದಲ ಸಲ ಚಪಾತಿ ಆಯಿತು. ಲಟ್ಟಣಿಗೆ ಇರಲಿಲ್ಲ, ಮಾವ ಬಾಟಲಿ ಉರುಳಿಸಿ ಮಾಡಿದರು. ಅನ್ನ ತಿಂದು ಬೆಳೆದ ಹುಡುಗರು ಶಿಬಿರದಲ್ಲಿ ಮೊದಮೊದಲು ಚಪಾತಿ ಕಂಡು ಅಳುತ್ತಿದ್ದರಂತೆ. ಚಹಾದಲ್ಲಿ ಅದ್ದಿ ತಿನ್ನಲು ಮಾವ ಕಲಿಸಿದ ಮೇಲೆ ಅದೇ ಬೇಕೆನ್ನುತ್ತಿದ್ದರಂತೆ. ಹಿರಿಯರ ಎಲೆಗಳಲ್ಲಿ ಕೋಳಿ, ಕಡುಬು. ಕೊನೆಯ ಎಲೆಯಲ್ಲಿ ಚಪಾತಿ, ಪಕ್ಕದಲ್ಲಿ ಒಂದು ದೊಡ್ಡ ಲೋಟ ಚಹಾ. ಅಜ್ಜಿ ಒಂದೇ ಒಂದು ಷರತ್ತು ಹಾಕಿದರು — ಹೆಸರು ಹೇಳಿಯೇ ಕರೆಯಬೇಕು, ಒಬ್ಬರನ್ನೂ ಬಿಡಬಾರದು. ಹೆಸರು ಕರೆಯದಿದ್ದರೆ ಅವರು ಹೊಸ್ತಿಲು ದಾಟುವುದಿಲ್ಲ, ಬಂದು ಅಂಗಳದಲ್ಲೇ ನಿಲ್ಲುತ್ತಾರೆ, ಹಸಿದೇ ಹಿಂದೆ ಹೋಗುತ್ತಾರೆ. ಮಾವ ಎಲೆಯ ಬಳಿ ಬಾಗಿ, ಪಿಸುಮಾತಿನಷ್ಟು ಮೆಲ್ಲಗೆ, ಒಬ್ಬೊಬ್ಬರನ್ನೇ ಕರೆದರು. ಯಾಕೆ ಅಷ್ಟು ಮೆಲ್ಲಗೆ ಎಂದು ನಾನು ಕೇಳಿದ್ದಕ್ಕೆ, "ಪರೇಡಿನಲ್ಲಿ ಕೂಗಿ ಕೂಗಿ ಕರೆದದ್ದು ಸಾಕು ಮಾರಾಯ, ಮನೆಗೆ ಬಂದ ಮೇಲೆ ಎಂತ ಕೂಗುವುದು" ಎಂದಿದ್ದರು. ಆ ಹೆಸರುಗಳು ಮನೆಯಲ್ಲಿ ಬೇರೆ ಯಾರ ಕಿವಿಗೂ ಬೀಳದೆ ಹೋದದ್ದು ಹೀಗೆ.

ಇಲ್ಲಿಯವರೆಗೆ ಎಲ್ಲ ನಿಜ. ಇನ್ನು ನನ್ನದು.

ಕಾರ್ಗಿಲಿನ ಯುದ್ಧ ನಡೆದ ಮಳೆಗಾಲ. ಹೊಟೇಲಿನಲ್ಲಿ ಆಗಷ್ಟೇ ಟೀವಿ ತಂದಿದ್ದೆ. ಬಸ್ಸಿಗೆ ಕಾಯುವವರು ಚಹಾ ಕುಡಿಯುವ ನೆಪದಲ್ಲಿ ವಾರ್ತೆ ನೋಡಲು ತುಂಬಿರುತ್ತಿದ್ದರು, ನನಗೆ ವ್ಯಾಪಾರ. ಮಾವ ಮೂಲೆಯ ಬೆಂಚಿನಲ್ಲಿ ಕುಳಿತು, ಹೆಣದ ಪೆಟ್ಟಿಗೆಗಳು ಬರುವುದನ್ನು ನೋಡುತ್ತಿದ್ದರು. ಒಂದು ದಿನ ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು.

"ಜಗ್ಗು, ನನಗೆ ವಯಸ್ಸಾಯಿತು. ಹುಡುಗರ ಹೆಸರು ನೀನು ಕಲಿ. ನನ್ನ ನಂತರ ನೀನಲ್ವಾ ಕರೆಯುವುದು."

"ಬರೆದುಕೊಳ್ಳುವ ಮಾವ" ಎಂದೆ.

"ಬೇಡ. ಬರೆದಿಟ್ಟರೆ ಮತ್ತೆ ಯಾರೂ ಬಾಯಿಗೆ ತರುವುದಿಲ್ಲ. ಬಾಯಿಪಾಠ ಮಾಡು."

ಅಂದಿನಿಂದ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ದಿನಾ ಪಾಠ. ಇದ್ದಿನಬ್ಬರು ಅಂಗಡಿಯಲ್ಲಿ ಬಟ್ಟೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವ ಹೊತ್ತು. ಮಾವ ಹೇಳುವುದು, ನಾನು ಜತೆಯಲ್ಲಿ ಹೇಳುವುದು. ನನ್ನ ಕಳ್ಳತನ ಶುರುವಾದದ್ದು ಆ 'ಜತೆಯಲ್ಲಿ'. ಶಾಲೆಯಲ್ಲಿ ಮಗ್ಗಿ ಹೇಳುವಾಗ ಗೊತ್ತಿಲ್ಲದ ಹುಡುಗರು ಏನು ಮಾಡುತ್ತಾರೆ ನಿನಗೆ ಗೊತ್ತಲ್ಲ — ಗೊತ್ತಿದ್ದವನ ತುಟಿ ನೋಡಿ, ಅರ್ಧ ಅಕ್ಷರ ಹಿಂದಿನಿಂದ ಸ್ವರ ಸೇರಿಸುತ್ತಾರೆ. ನಾನು ಹಾಗೇ ಮಾಡಿದೆ. ಮಾವ ಹೆಸರಿನ ಮೊದಲಕ್ಷರ ಎತ್ತುತ್ತಿದ್ದಂತೆ ನಾನು ಬಾಲ ಹಿಡಿಯುತ್ತಿದ್ದೆ. ಕಣ್ಣು ರಸ್ತೆಯ ಕಡೆ, ಗಮನ ಒಲೆಯ ಮೇಲಿನ ಹಾಲಿನ ಕಡೆ. ವೇಲಾಯುಧನ್ ಒಬ್ಬನ ಹೆಸರು ಕತೆಯ ದೆಸೆಯಿಂದ ತಲೆಯಲ್ಲಿ ಉಳಿಯಿತು. ಉಳಿದ ಹೆಸರುಗಳು ಒಂದು ಕಿವಿಯಿಂದ ಬಂದು ಇನ್ನೊಂದು ಕಿವಿಯಿಂದ ಹೋದವು. ಎಷ್ಟು ಜನ ಎಂಬುದೂ ನನಗೆ ಸರಿಯಾಗಿ ಗೊತ್ತಿಲ್ಲ. ಅಷ್ಟೂ ಗಮನ ಕೊಡಲಿಲ್ಲ, ನೋಡು.

ಯಾಕೆ ಎಂದು ನೀನು ಕೇಳಬಹುದು. ಕೆಲಸದ ಗಡಿಬಿಡಿ ಎಂದು ಹೇಳಿದರೆ ನೀನು ಒಪ್ಪುತ್ತೀ, ಆದರೆ ಅದು ಪೂರ್ತಿ ನಿಜವಲ್ಲ. ನನಗೆ ಹೊಟ್ಟೆಕಿಚ್ಚು. ಆ ಹುಡುಗರ ಹೆಸರು ಹೇಳುವಾಗ ಮಾವನ ಮುಖದಲ್ಲಿ ಬರುತ್ತಿದ್ದ ಅಕ್ಕರೆ — ನನ್ನನ್ನು ಕರೆಯುವಾಗ ಅದು ಬಂದದ್ದು ನಾನು ಕಾಣೆ. ಅವರ ಔಷಧಿ ತರುವವನು ನಾನು, ಪೆನ್ಶನಿಗೆ ಬೆಳ್ತಂಗಡಿಗೆ ಕರಕೊಂಡು ಹೋಗುವವನು ನಾನು, ಹಲ್ಲಿಲ್ಲದ ಬಾಯಿಗೆ ಮೀನಿನ ಮುಳ್ಳು ತೆಗೆದು ಕೊಡುವವನು ನಾನು. ಪ್ರೀತಿ ಮಾತ್ರ ಸತ್ತುಹೋದ, ನಾನು ಮುಖ ಕಾಣದ ಹುಡುಗರಿಗೆ. ನಲವತ್ತು ದಾಟಿದ ಗಂಡಸು ಹೀಗೆ ಯೋಚಿಸುತ್ತಾನೆ ಎಂದರೆ ನಾಚಿಕೆಯಾಗಬೇಕು. ಆಗುತ್ತದೆ.

ಒಂದು ಮಧ್ಯಾಹ್ನ ಮಾವ ಹೇಳಿದರು, "ಇವತ್ತು ನಾನು ಹೇಳುವುದಿಲ್ಲ. ನೀನೊಬ್ಬನೇ ಹೇಳು, ಕೇಳುವ."

ಆಗಲೇ ಬಂಟ್ವಾಳದ ಬಸ್ಸು ಬಂದು ನಿಂತು ನಾಲ್ಕೈದು ಜನ ಒಳಗೆ ಬಂದರು. ನಾನು ಎದ್ದು ಬಿಟ್ಟೆ. ಆಮೇಲಾದರೂ, ಗಿರಾಕಿಗಳು ಹೋದ ಮೇಲಾದರೂ, ಬಂದು ಕುಳಿತು, ಮಾವ ನನಗೆ ಬರುವುದಿಲ್ಲ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಅವರು ಬೈದು, ಮೊದಲಿನಿಂದ ಕಲಿಸುತ್ತಿದ್ದರು — ಎಷ್ಟೆಷ್ಟೋ ದಡ್ಡರಿಗೆ ಕಲಿಸಿದವರು. ನಾನು ಚಹಾ ಸೋಸುತ್ತಾ ಅಲ್ಲಿಂದಲೇ ಕೂಗಿ ಹೇಳಿದ ಮಾತು ಇದು —

"ಎಲ್ಲ ಬಾಯಿಪಾಠ ಉಂಟು ಮಾವ. ನೀವು ಹೆದರಬೇಡಿ."

ಅವರು ನಂಬಿದರು. ನಂಬಿ ಎಷ್ಟು ಸಂತೋಷಪಟ್ಟರೆಂದರೆ, ಎದ್ದುಹೋಗಿ ಇದ್ದಿನಬ್ಬರನ್ನು ಎಬ್ಬಿಸಿ, "ನಮ್ಮ ಜಗ್ಗುವಿಗೆ ಹುಡುಗರೆಲ್ಲ ಬಂದರು ಮಾರಾಯ್ರೇ" ಎಂದರು. ಇದ್ದಿನಬ್ಬರು ನಿದ್ದೆಗಣ್ಣಿನಲ್ಲಿ ಏನೂ ಅರ್ಥವಾಗದೆ, "ಬರಲಿ, ಕೂತುಕೊಳ್ಳಲಿ" ಎಂದರು. ಮಾವ ನಕ್ಕದ್ದೇ ನಕ್ಕದ್ದು. ಆ ದಿನದಿಂದ ಪಾಠ ನಿಂತಿತು. ನನಗೆ ನಿರಾಳವಾಯಿತು.

ಮುಂದಿನ ಮಳೆಗಾಲ ಅವರಿಗೆ ಲಕ್ವ ಹೊಡೆಯಿತು. ಬಂಟ್ವಾಳದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಬಸ್ಸು ನಿಲ್ಲಿಸುತ್ತಿದ್ದ ಸ್ವರ. ಬರೆಯೋಣವೆಂದರೆ ಬಲಗೈ ಇಲ್ಲ. ಆದರೆ ಕಿವಿ ಚುರುಕಾಗಿತ್ತು, ಬುದ್ಧಿಯೂ ಸರಿಯಿತ್ತು. ಹಾಸಿಗೆಯಲ್ಲಿ ಮಲಗಿ ನನ್ನನ್ನು ನೋಡುವಾಗಲೆಲ್ಲ ಅವರ ಕಣ್ಣಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ಅದು ಯಾಕೆಂದು ನನಗೆ ಗೊತ್ತಿತ್ತು.

ಪರ್ಬ ಬಂತು. ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಚಾವಡಿಗೆ ಎತ್ತಿಕೊಂಡು ಬಂದೆವು, ನಿನಗೂ ನೆನಪಿರಬೇಕು. ಹಿರಿಯರನ್ನೆಲ್ಲ ಕರೆದದ್ದಾಯಿತು. ನಿನ್ನ ಅಮ್ಮ ಕೊನೆಯ ಎಲೆಗೆ ಚಪಾತಿ ಬಡಿಸಿ, ಚಹಾದ ಲೋಟ ಇಟ್ಟಳು. ಮಾವ ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. ನೀನು ಕರೆ ಎಂದು.

ನಾನು ಎಲೆಯ ಬಳಿ, ಅವರ ಕಾಲಬುಡದಲ್ಲಿ ಬಾಗಿದೆ. ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ "ವೇಲಾಯುಧನ್" ಎಂದೆ. ಅವರ ಎಡಗೈ ಬೆರಳು ಕುರ್ಚಿಯ ಕೈಗೆ ಒಮ್ಮೆ ಬಡಿಯಿತು. ಹಾಜಿರ್. ಆಮೇಲೆ — ಆಮೇಲೆ ನನಗೆ ಕತ್ತಲೆ. ಮಾತಿಲ್ಲದ ಮನುಷ್ಯ ಹೇಗೆ ಪ್ರಶ್ನಿಸಿಯಾನು, ಯಾವುದಾದರೂ ಹೇಳಿದರಾಯಿತು ಎಂಬ ಹಾಳು ಧೈರ್ಯ ಎಲ್ಲಿಂದ ಬಂತೋ. "ರಾಮ್ ಸಿಂಗ್" ಎಂದೆ. ಬೆರಳು ಎತ್ತಿದ್ದು ಹಾಗೇ ನಿಂತಿತು. "ಬಲವಂತ್ ಸಿಂಗ್. ಮೋಹನ್ ಸಿಂಗ್." ಅವರ ಹುಡುಗರು ತಮಿಳರು, ತೆಲುಗರು, ಮಲಯಾಳಿಗಳು ಎಂದು ಗೊತ್ತಿದ್ದೂ ನನ್ನ ಬಾಯಿಗೆ ಬಂದದ್ದು ಟೀವಿಯಲ್ಲಿ ಕೇಳಿದಂಥ ಹೆಸರುಗಳೇ. ಅವೂ ಮುಗಿದು ಮತ್ತೊಮ್ಮೆ "ರಾಮ್ ಸಿಂಗ್" ಎಂದೆ. ನನಗೇ ಕೇಳಿಸಿತು.

ತಲೆಯೆತ್ತಿದೆ. ಮಾವ ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ, ತೆರೆದಿದ್ದ ಬಾಗಿಲಿನಾಚೆ, ಅಂಗಳವನ್ನು ನೋಡುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ — ನನ್ನ ಕಣ್ಣಿಗೆ. ಸ್ವಲ್ಪ ಹೊತ್ತಿನ ನಂತರ ಅವರು ಕಷ್ಟಪಟ್ಟು ಮುಂದಕ್ಕೆ ಬಾಗಿದರು. ನಿನ್ನ ಅಮ್ಮ ಬೀಳದ ಹಾಗೆ ಹಿಡಿದುಕೊಂಡಳು. ಅವರು ಎಡಗೈ ಚಾಚಿ, ಚಪಾತಿಯ ಮೇಲೆ ಆ ಎಲೆಯನ್ನು ಮಡಚಿಬಿಟ್ಟರು. ಊಟ ಮುಗಿಸಿದವರು ಮಡಚುವ ಹಾಗೆ.

"ಮಾವನಿಗೆ ಸುಸ್ತಾಗಿದೆ, ಒಳಗೆ ಕರಕೊಂಡು ಹೋಗುವ" ಎಂದಳು ನಿನ್ನ ಅಮ್ಮ. ಎಲ್ಲರೂ ಹಾಗೇ ತಿಳಿದರು.

ಆಮೇಲೆ ಶಿವರಾತ್ರಿಯವರೆಗೆ ಅವರು ಬದುಕಿದ್ದರು. ನನ್ನ ಮೇಲೆ ಒಂದು ದಿನವೂ ಸಿಟ್ಟು ತೋರಿಸಲಿಲ್ಲ. ನಾನು ಗಂಜಿ ಕುಡಿಸಿದರೆ ಕುಡಿದರು, ಗಡ್ಡ ಬೋಳಿಸಿದರೆ ಗಲ್ಲ ತಿರುಗಿಸಿಕೊಟ್ಟರು. ಆ ನೆಮ್ಮದಿ ಮಾತ್ರ ಮತ್ತೆ ಆ ಕಣ್ಣಿಗೆ ಬರಲಿಲ್ಲ. ಸಂಜೆ ಹೊತ್ತು ಅವರ ತುಟಿ ಅಲುಗುತ್ತಿತ್ತು. ಸ್ವರವಿಲ್ಲ. ಅವರು ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತಿದ್ದಾರೆ ಎಂದು ತಿಳಿದೂ ನಾನು ಎದ್ದು ಹೋಗುತ್ತಿದ್ದೆ. ಅವರ ಕಾಲು ಹಿಡಿದು ತಪ್ಪಾಯಿತು ಎನ್ನಲು ಅಷ್ಟು ತಿಂಗಳಿತ್ತು. ಹೇಳಿದರೂ ಇನ್ನು ಹೆಸರು ಸಿಗುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ — ಹೆಸರು ಸಿಗಲೆಂದೇ ಹೇಳಬೇಕಿತ್ತೇ?

ಅವರ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಸೇರಿದ ನೆಂಟರು ನನ್ನ ಬೆನ್ನು ತಟ್ಟಿದರು. "ಚಾಕರಿ ಮಾಡಿದ್ದು ಮಾತ್ರವಲ್ಲ, ಅವರ ಹುಡುಗರನ್ನೂ ಇವನೇ ನೋಡಿಕೊಳ್ತಾನಂತೆ" ಎಂದು ಯಾರೋ ಹೇಳಿದರು. ಅಲ್ಲಿಂದ ಈ ಗುಣಗುಣ. ಮೊದಲ ವರ್ಷ ಎದೆ ಹೊಡೆದುಕೊಂಡಿತು. ಎರಡನೆಯ ವರ್ಷ ಕಡಿಮೆ. ಆಮೇಲೆ ಅಭ್ಯಾಸವಾಯಿತು — ಇದೇ ಎಲ್ಲಕ್ಕಿಂತ ಕೆಟ್ಟದ್ದು. ಯಾವ ಹೆಸರಿನಂತೆ ಕೇಳಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಎಳೆಯಬೇಕು ಎಂಬುದರಲ್ಲಿ ನಾನು ಪಳಗಿದೆ.

ನೀನು ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ನಿನ್ನ ಶಾಲೆಗೆ ಕರೆಸಿದ್ದು ನೆನಪುಂಟಲ್ಲ? ಗಣರಾಜ್ಯೋತ್ಸವ. ಮೂಡುಬಿದಿರೆಯ ಆ ಬಯಲಿನಲ್ಲಿ ಮಕ್ಕಳು ಸಾಲುಸಾಲಾಗಿ ನಿಂತಿದ್ದರು. ನೀನು ಮೈಕಿನಲ್ಲಿ ಮಿಲಿಟ್ರಿ ಅಜ್ಜನ ಕತೆ ಹೇಳಿದೆ — ಮರದ ಕೋವಿ, ತೊಳೆದ ಕಾಲು, ಚಪಾತಿಯ ಎಲೆ. ಎಷ್ಟು ಚೆನ್ನಾಗಿ ಹೇಳಿದೆ ಮಗಳೇ, ಮಾವನೇ ಅಲ್ಲಿ ನಡೆದಾಡಿದ ಹಾಗಾಯಿತು. ಕೊನೆಗೆ, "ಆ ಹೆಸರುಗಳನ್ನು ಇವತ್ತಿಗೂ ಉಳಿಸಿಕೊಂಡವರು ಇವರು, ನನ್ನ ಮಾವ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬ ಮೇಷ್ಟ್ರು ಬಹಳ ಗೌರವದಿಂದ, "ಮಕ್ಕಳಿಗೋಸ್ಕರ ಒಂದೆರಡು ಹೆಸರು ಹೇಳ್ತೀರಾ?" ಎಂದು ಕೇಳಿದರು. ನಾನು ಗಂಭೀರವಾಗಿ, "ಅದನ್ನು ಮನೆಯ ಹೊರಗೆ ಹೇಳುವ ಕ್ರಮ ಇಲ್ಲ" ಎಂದೆ. ಅಂಥ ಕ್ರಮವೇ ಇಲ್ಲ ಅಕ್ಷತಾ. ನಾನು ಆ ಕ್ಷಣ ಹುಟ್ಟಿಸಿದ್ದು. ನೀನು ಅದನ್ನು ನಂಬಿ ಕಳೆದ ಭಾನುವಾರದವರೆಗೆ ಒಂದು ಸಲವೂ ನನ್ನನ್ನು ಹೆಸರು ಕೇಳಲಿಲ್ಲ. ನನ್ನ ಸುಳ್ಳಿಗೆ ನೀನು ಕೊಟ್ಟ ಮರ್ಯಾದೆ ಅದು.

ಸೈನ್ಯದ ಕಚೇರಿಗಳಲ್ಲಿ ವಿಚಾರಿಸಿದರೆ ಹೆಸರು ಸಿಗಬಹುದು ಎಂದು ನಿನಗೆ ತೋಚುತ್ತದೆ. ನನಗೂ ತೋಚಿತ್ತು, ಮಾವ ಸತ್ತ ವರ್ಷವೇ. ಹೋಗಲಿಲ್ಲ. ಹೋಗಿ ಕೇಳಬೇಕಾದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಬೇಕಿತ್ತು. ಈಗ ಹೋಗುತ್ತೇನೆ. ಮಾವನ ಪೆನ್ಶನಿನ ಕಾಗದಗಳಲ್ಲಿ ಶಿಬಿರದ ಹೆಸರು ಇದ್ದೇ ಇದೆ. ಮಂಗಳೂರಿನ ಮಾಜಿ ಸೈನಿಕರ ಕಚೇರಿಯಿಂದ ಶುರುಮಾಡುತ್ತೇನೆ. ಇಷ್ಟು ವರ್ಷದ ಹಿಂದಿನದು, ಯಾವ ತಂಡ, ಯಾರು ಎಲ್ಲಿಗೆ ಹೋದರು — ಅವರು ತಲೆಯಲ್ಲಾಡಿಸಲೂಬಹುದು. ಸಿಕ್ಕಿದರೂ ಅವು ಕಾಗದದ ಮೇಲಿನ ಹೆಸರುಗಳು. ಮಾವ ಲಾರಿಯ ಬಳಿ ನಿಂತು ಮುಖ ನೋಡಿ ಕರೆದ ಹೆಸರುಗಳು ನನ್ನ ದೆಸೆಯಿಂದ ಹೋದವು. ಅವನ್ನು ಯಾವ ಕಚೇರಿಯೂ ತಂದುಕೊಡುವುದಿಲ್ಲ.

ನೀನು ಕೇಳಿದ್ದನ್ನು ಕಲಿಸಲು ನನ್ನಿಂದ ಸಾಧ್ಯವಿಲ್ಲ. ಕ್ಷಮಿಸು ಎಂದು ಕೇಳಲು ನನಗೆ ನಾಲಿಗೆ ಏಳುವುದಿಲ್ಲ, ಕೇಳಬೇಕಾದದ್ದು ನಿನ್ನಲ್ಲಿ ಮಾತ್ರವೂ ಅಲ್ಲ.

ಪರ್ಬ ಹತ್ತಿರ ಬಂತು. ಎಲೆ ಹಾಕುವ, ಚಪಾತಿ ಆಗಲಿ. ಮನೆಯವರೆಲ್ಲ ಹಿಂದೆ ನಿಂತಿರುವಾಗ ಕೊನೆಯ ಎಲೆಯ ಮುಂದೆ ನಾನು ಈ ಸಲ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ವೇಲಾಯುಧನ್ ಎಂದು ಕರೆಯುತ್ತೇನೆ. ಆಮೇಲೆ ಬಾಯಿ ಮುಚ್ಚುತ್ತೇನೆ. ಮುಂದಿನ ಹೆಸರಿಗೆ ಎಲ್ಲರೂ ಕಾಯುತ್ತಾರೆ. ನಿನ್ನ ಅಮ್ಮ ನನ್ನ ಮುಖ ನೋಡುತ್ತಾಳೆ, ಮಕ್ಕಳು ಮಿಸುಕಾಡುತ್ತಾರೆ, ಯಾರಾದರೂ "ಎಂತ ಆಯಿತು?" ಎಂದು ಕೇಳುತ್ತಾರೆ. ಕೇಳಲಿ. ನಾನು ಹೇಳುತ್ತೇನೆ. ಆ ಹೊತ್ತು ನೀನು ನನ್ನ ಸಹಾಯಕ್ಕೆ ಬರಬೇಡ.